ತೆರೆದೇ ಇದ್ದ ಮೂರು ಬಾಗಿಲು: ಲೀಹೈ ವಿಶ್ವವಿದ್ಯಾಲಯದ 1986ರ ಪ್ರಕರಣ

1986ರ ಏಪ್ರಿಲ್ 5, ನಸುಕಿನ ಹೊತ್ತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬೆತ್ಲೆಹೆಮ್‌ನಲ್ಲಿರುವ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಮಲಗಿದ್ದಳು. ಮೊದಲ ವರ್ಷದ ವಿದ್ಯಾರ್ಥಿನಿ, ವಯಸ್ಸು 19. ಅದೇ ವಿಶ್ವವಿದ್ಯಾಲಯದ ಇನ್ನೊಬ್ಬ ವಿದ್ಯಾರ್ಥಿ ಕದಿಯಲೆಂದು ಆ ಕಟ್ಟಡಕ್ಕೆ ನುಗ್ಗಿದ. ಅವನು ಆ ಹಾಸ್ಟೆಲ್‌ನವನಲ್ಲ, ಆಕೆಗೆ ಅವನ ಪರಿಚಯವೂ ಇರಲಿಲ್ಲ. ಕೋಣೆಯಲ್ಲಿ ಆಕೆಗೆ ಎಚ್ಚರವಾಯಿತು. ಅವನು ಆಕೆಯ ಮೇಲೆ ಅತ್ಯಾಚಾರ ಮಾಡಿ ಕೊಂದ. 1987ರಲ್ಲಿ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಮುಂದಿನ ಮೇಲ್ಮನವಿಗಳನ್ನು ಬಿಟ್ಟುಕೊಡುವ ಒಪ್ಪಂದದ ಮೇಲೆ 2002ರಲ್ಲಿ ಅದು ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಯಿತು.

ಅಪರಾಧಿ ಅವನೊಬ್ಬನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾಂಪಸ್ ಸುರಕ್ಷತೆಯ ಕೆಲಸ ಮಾಡುವವರು ಈ ಪ್ರಕರಣವನ್ನು ಇಂದಿಗೂ ಬಿಡಿಸಿ ಓದುವುದು ಅವನು ಒಳಗೆ ಬಂದ ದಾರಿಗಾಗಿ. ಬೀದಿಗೂ ಆಕೆಯ ಕೋಣೆಗೂ ನಡುವೆ ತಾವಾಗಿಯೇ ಬೀಗ ಬೀಳುವ ಮೂರು ಬಾಗಿಲುಗಳಿದ್ದವು. ಮೂರಕ್ಕೂ ಪಿಜ್ಜಾ ಡಬ್ಬಿ ಅಡ್ಡ ಇಟ್ಟು ತೆರೆದಿಟ್ಟಿದ್ದರು. ನಾಲ್ಕನೆಯದು, ಕೋಣೆಯ ಬಾಗಿಲು. ಅದಕ್ಕೂ ಆ ರಾತ್ರಿ ಬೀಗ ಹಾಕಿರಲಿಲ್ಲ.

181

ಕೊಲೆಗೆ ಹಿಂದಿನ ನಾಲ್ಕು ತಿಂಗಳಲ್ಲಿ ಆ ಒಂದೇ ಹಾಸ್ಟೆಲ್‌ನಲ್ಲಿ ಬಾಗಿಲಿಗೆ ಅಡ್ಡ ಇಟ್ಟಿದ್ದಾರೆಂದು 181 ಸಲ ವರದಿಯಾಗಿತ್ತು. ದಿನಕ್ಕೆ ಸರಾಸರಿ ಒಂದೂವರೆ. ವರದಿಯಾಗಿದೆ ಎಂದರೆ ಯಾರೋ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಆದ್ದರಿಂದ ಗಮನಕ್ಕೇ ಬರಲಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಒಂದೊಂದು ವರದಿಯನ್ನೂ ಬಿಡಿಬಿಡಿಯಾಗಿ ನೋಡಿದರೆ ಅದು ಸಣ್ಣ ಸಂಗತಿ: ಡಬ್ಬಿ ತೆಗೆದು ಬಾಗಿಲು ಮುಚ್ಚಿದರೆ ಮುಗಿಯಿತು. 181ನ್ನೂ ಒಂದೇ ಹಾಳೆಯಲ್ಲಿ ಇಟ್ಟು ನೋಡಿದರೆ ಆ ಕಟ್ಟಡಕ್ಕೆ ಬೀಗವೇ ಇಲ್ಲ ಎಂಬುದು ಕಾಣುತ್ತದೆ. ಭದ್ರತಾ ವಿಭಾಗದ ದಾಖಲೆ ಪುಸ್ತಕ ಎಷ್ಟು ಅಚ್ಚುಕಟ್ಟಾಗಿದ್ದರೂ, ವಾರಕ್ಕೊಮ್ಮೆ ಯಾರಾದರೂ ಕೂತು ಅದನ್ನು ಒಟ್ಟಾಗಿ ಓದದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಬಾಗಿಲು ತೆರೆದು ನಿಲ್ಲುವುದು ಏಕೆ? ವಿದ್ಯಾರ್ಥಿಗಳ ಬೇಜವಾಬ್ದಾರಿ ಎಂದು ಹೇಳಿಬಿಡುವುದು ಸುಲಭ, ಆದರೆ ಆ ಉತ್ತರದಿಂದ ಯಾವ ಬಾಗಿಲೂ ಮುಚ್ಚಿಲ್ಲ. ಬೆಂಕಿ ಸುರಕ್ಷತೆಯ ನಿಯಮದಂತೆ ಇಂಥ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಲೇಬೇಕು. ಹಾಗಾಗಿ ಹೊರಗಿನ ಬೀಗ ಎಷ್ಟೇ ಗಟ್ಟಿಯಿದ್ದರೂ, ಒಳಗಿರುವವರು ಯಾವಾಗ ಬೇಕಾದರೂ ತೆರೆದು ಅಡ್ಡ ಇಡಬಹುದು. ಅಡ್ಡ ಇಡಲು ಅವರಿಗೆ ಕಾರಣವೂ ಇರುತ್ತದೆ. ಗೆಳೆಯರು ಬರುತ್ತಾರೆ, ಕೆಳಗೆ ಕರೆಗಂಟೆ ಇಲ್ಲ. ಊಟ ತಂದವನು ಹೊರಗೆ ಕಾಯುತ್ತಿದ್ದಾನೆ. ಕೀಲಿ ಕಳೆದುಹೋಗಿದೆ, ಹೊಸದಕ್ಕೆ ದಂಡ ಕಟ್ಟಬೇಕು, ಕಚೇರಿ ತೆರೆಯುವುದು ಸೋಮವಾರ. ಪ್ರತಿ ಡಬ್ಬಿಯ ಹಿಂದೆ ಹೀಗೊಂದು ಈಡೇರದ ಅಗತ್ಯವಿರುತ್ತದೆ. ಅದನ್ನು ಪೂರೈಸದೆ ನೋಟಿಸ್ ಅಂಟಿಸಿದರೆ ಡಬ್ಬಿಯ ಜಾಗಕ್ಕೆ ಕಲ್ಲು ಬರುತ್ತದೆ. ದಂಡ ಹಾಕಿದರೆ ಬೀಗದ ನಾಲಿಗೆ ಕೂರುವ ಚೌಕಟ್ಟಿನ ಕಿಂಡಿಗೆ ಟೇಪ್ ಬರುತ್ತದೆ. ಟೇಪ್ ಹಚ್ಚಿದ ಬಾಗಿಲು ನೋಡಲು ಮುಚ್ಚಿದಂತೆಯೇ ಇರುವುದರಿಂದ ಅದು ಡಬ್ಬಿಗಿಂತ ಅಪಾಯ.

ಬಾಗಿಲೇ ಕೆಟ್ಟಿರುವುದೂ ಉಂಟು. ತಾನಾಗಿ ಮುಚ್ಚಿ ಬೀಗ ಬೀಳುವ ಬಾಗಿಲಿನಲ್ಲಿ ಮೂರು ಭಾಗ ಮುಖ್ಯ: ಮೇಲೆ ಕೂರಿಸಿದ ಡೋರ್ ಕ್ಲೋಸರ್, ಅಂಚಿನಲ್ಲಿರುವ ಬೀಗದ ನಾಲಿಗೆ, ಚೌಕಟ್ಟಿನಲ್ಲಿ ನಾಲಿಗೆ ಕೂರುವ ಕಿಂಡಿ. ಕ್ಲೋಸರ್‌ನ ಎಣ್ಣೆ ಸೋರಿದರೆ ಬಾಗಿಲು ರಪ್ಪನೆ ಬಡಿಯುತ್ತದೆ. ಸದ್ದು ತಾಳಲಾರದೆ ಪಕ್ಕದ ಕೋಣೆಯವರೇ ಅಡ್ಡ ಇಡುತ್ತಾರೆ. ಒತ್ತಡ ಸಾಲದಿದ್ದರೆ ಕೊನೆಯ ಒಂದು ಬೆರಳಗಲ ಮುಚ್ಚದೆ ನಿಲ್ಲುತ್ತದೆ. ಕೀಲುಗಳು ಜಗ್ಗಿದರೆ ನಾಲಿಗೆ ಕಿಂಡಿಗೆ ಸರಿಯಾಗಿ ಕೂರುವುದಿಲ್ಲ. ಪರೀಕ್ಷೆ ಸರಳ. ಬಾಗಿಲನ್ನು ಒಂದು ಗೇಣು ತೆರೆದು ಕೈಬಿಡಿ. ತಾನಾಗಿ ಮುಚ್ಚಿ ನಾಲಿಗೆ ಟಕ್ಕೆಂದು ಬೀಳಬೇಕು. ಪೂರ್ತಿ ತೆರೆದು ಬಿಟ್ಟು ನೋಡಿದರೆ ಸಾಲದು, ಏಕೆಂದರೆ ಆಗ ಬಾಗಿಲಿನ ವೇಗವೇ ನಾಲಿಗೆಯನ್ನು ತಳ್ಳಿಬಿಡುತ್ತದೆ. ಹೊರಬಾಗಿಲುಗಳಿಗೆ ತಿಂಗಳಿಗೊಮ್ಮೆ, ಗಾಳಿ ಹೆಚ್ಚಿರುವ ಕಾಲದಲ್ಲಿ ವಾರಕ್ಕೊಮ್ಮೆ ಇದನ್ನು ಮಾಡಿ.

ಇನ್ನು ಎಚ್ಚರಿಕೆಯ ಸಾಧನ. ಚೌಕಟ್ಟಿನಲ್ಲಿ ಒಂದು ಅಯಸ್ಕಾಂತ ಸೆನ್ಸರ್ ಕೂರಿಸಿ, ಬಾಗಿಲು ಅರ್ಧ ನಿಮಿಷ ತೆರೆದೇ ಇದ್ದರೆ ಅಲ್ಲೇ ಸದ್ದು ಮಾಡುವಂತೆ, ಒಂದು ನಿಮಿಷ ದಾಟಿದರೆ ಭದ್ರತಾ ಕೊಠಡಿಗೆ ಸುದ್ದಿ ಹೋಗುವಂತೆ ಹೊಂದಿಸಬಹುದು. ಸದ್ದು ಮೊದಲು ಬಾಗಿಲ ಬಳಿಯೇ ಆಗಬೇಕು. ಅಡ್ಡ ಇಟ್ಟವರೇ ತೆಗೆಯುವ ಅವಕಾಶ ಅದರಿಂದ ಸಿಗುತ್ತದೆ. ಎಲ್ಲವೂ ನೇರ ಕೊಠಡಿಗೆ ಹೋದರೆ ರಾತ್ರಿಯೊಂದಕ್ಕೆ ನೂರಾರು ಸೂಚನೆ ಬಂದು, ಗಾರ್ಡ್‌ಗಳು ಮೂರನೇ ದಿನಕ್ಕೆ ನೋಡುವುದನ್ನೇ ನಿಲ್ಲಿಸುತ್ತಾರೆ. ದಾಖಲೆಯಲ್ಲಿ ಐದು ಕಾಲಂ ಸಾಕು: ಬಾಗಿಲಿನ ಸಂಖ್ಯೆ, ಸಮಯ, ಅಡ್ಡ ಇಟ್ಟ ವಸ್ತು, ಮುಚ್ಚಿದವರು, ಗೊತ್ತಾದರೆ ಕಾರಣ. ಒಂದೇ ಬಾಗಿಲು ವಾರದಲ್ಲಿ ಮೂರು ಸಲ ಬಂದರೆ ಅದು ಗಾರ್ಡ್‌ನ ಕೆಲಸವಾಗಿ ಉಳಿಯಬಾರದು, ಹಾಸ್ಟೆಲ್ ಮುಖ್ಯಸ್ಥರ ಮೇಜಿಗೆ ಹೋಗಬೇಕು. ಅವರು ಕೇಳಬೇಕಾದ ಪ್ರಶ್ನೆ ‘ಯಾರು’ ಅಲ್ಲ, ‘ಏಕೆ’. ಕಳೆದ ಕೀಲಿಗೆ ರಾತ್ರಿ ಯಾವ ಹೊತ್ತಿನಲ್ಲಾದರೂ ದಂಡವಿಲ್ಲದೆ ಬದಲಿ ಸಿಗಬೇಕು. ಕೀಲಿಗೆ ದಂಡ ಹಾಕುವ ಸಂಸ್ಥೆ ತನಗೇ ತಿಳಿಯದಂತೆ ಬೀಗವಿಲ್ಲದ ಕೋಣೆಗಳನ್ನು ಹುಟ್ಟಿಸುತ್ತದೆ.

ಒಳನುಗ್ಗಿದವನು ವಿದ್ಯಾರ್ಥಿಯೇ ಆಗಿದ್ದ ಎಂಬುದನ್ನೂ ಮರೆಯುವಂತಿಲ್ಲ. ಮುಖ್ಯ ಗೇಟಿನಲ್ಲಿ ಗುರುತಿನ ಚೀಟಿ ನೋಡಿದ್ದರೆ ಅವನನ್ನು ಒಳಗೆ ಬಿಡುತ್ತಿದ್ದರು. ಕಾರ್ಡ್ ಬೀಗ ಹಾಕಿಸುವಾಗ ಎಲ್ಲ ವಿದ್ಯಾರ್ಥಿಗಳ ಕಾರ್ಡಿಗೂ ಎಲ್ಲ ಹಾಸ್ಟೆಲ್ ತೆರೆಯುವಂತೆ ಮಾಡುವುದು ಸಾಮಾನ್ಯ ತಪ್ಪು. ಕಾರ್ಡ್ ಆಯಾ ಕಟ್ಟಡದ ನಿವಾಸಿಗಳಿಗೆ ಮಾತ್ರ ಕೆಲಸ ಮಾಡಬೇಕು. ಕೋಣೆ ಬದಲಾದ ದಿನವೇ ಹಳೆಯ ಅನುಮತಿ ರದ್ದಾಗಬೇಕು.

ಗೊತ್ತಿರದ ಲೆಕ್ಕ

ಜೀನ್‌ಳ ಅಣ್ಣಂದಿರು ಓದಿದ್ದು ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳ ಕೊಲೆಯ ಸುದ್ದಿ ಕೇಳಿ ಕುಟುಂಬ ಮಗಳನ್ನು ಅಲ್ಲಿಗೆ ಕಳಿಸಲು ಹಿಂಜರಿಯಿತು. ಹಸಿರು ಗುಡ್ಡದ ಮೇಲಿನ, ಶಾಂತವಾಗಿ ಕಂಡ ಲೀಹೈಯನ್ನು ಆರಿಸಿಕೊಂಡದ್ದು ಸುರಕ್ಷತೆಗಾಗಿಯೇ. ಲೀಹೈ ಕ್ಯಾಂಪಸ್‌ನಲ್ಲಿ ಹಿಂದಿನ ಮೂರು ವರ್ಷಗಳಲ್ಲಿ 38 ಹಿಂಸಾತ್ಮಕ ಅಪರಾಧಗಳು ನಡೆದಿದ್ದವೆಂಬುದು ತಂದೆ ಹೊವರ್ಡ್, ತಾಯಿ ಕಾನಿ ಅವರಿಗೆ ತಿಳಿದದ್ದು ಮಗಳು ಸತ್ತ ಮೇಲೆ. ಅದನ್ನು ಪ್ರವೇಶಕ್ಕೆ ಬಂದವರಿಗೆ ತಿಳಿಸಬೇಕೆಂಬ ಕಾನೂನೇ ಆಗ ಇರಲಿಲ್ಲ.

ಅವರು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. 1987ರಲ್ಲಿ ಕ್ಯಾಂಪಸ್ ಸುರಕ್ಷತೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಇಂದಿನ ಕ್ಲೆರಿ ಸೆಂಟರ್ ಅದೇ. 1988ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ, ಕಾಲೇಜುಗಳು ಕ್ಯಾಂಪಸ್ ಅಪರಾಧಗಳ ಲೆಕ್ಕವನ್ನು ಬಹಿರಂಗಪಡಿಸಬೇಕೆಂದು ಕಾನೂನು ಮಾಡಿತು. 1990ರ ನವೆಂಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಸಹಿಯೊಂದಿಗೆ ಇಡೀ ದೇಶಕ್ಕೂ ಅಂಥದೇ ಕಾನೂನು ಬಂತು. 1998ರಲ್ಲಿ ಅದಕ್ಕೆ ಜೀನ್‌ಳ ಹೆಸರಿಟ್ಟರು.

ಕಾನೂನು ಕೇಳುವುದನ್ನು ಚಿಕ್ಕದಾಗಿ ಹೇಳುವುದಾದರೆ: ಫೆಡರಲ್ (ಕೇಂದ್ರ) ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಸಂಸ್ಥೆಯೂ ಅಕ್ಟೋಬರ್ 1ರೊಳಗೆ ವಾರ್ಷಿಕ ಸುರಕ್ಷತಾ ವರದಿ ಪ್ರಕಟಿಸಬೇಕು, ಅದರಲ್ಲಿ ಹಿಂದಿನ ಮೂರು ವರ್ಷಗಳ ಅಂಕಿಅಂಶ ಇರಬೇಕು. ಕ್ಯಾಂಪಸ್ ಪೊಲೀಸ್ ಅಥವಾ ಭದ್ರತಾ ವಿಭಾಗ ಇದ್ದರೆ ದೈನಂದಿನ ಅಪರಾಧ ದಾಖಲೆ ಇಡಬೇಕು. ಅಪರಾಧ ತಿಳಿದ ಎರಡು ಕೆಲಸದ ದಿನಗಳೊಳಗೆ ಅದು ದಾಖಲೆಗೆ ಬರಬೇಕು, ಇತ್ತೀಚಿನ 60 ದಿನಗಳ ದಾಖಲೆಯನ್ನು ಯಾರು ಬಂದು ಕೇಳಿದರೂ ಕಚೇರಿ ವೇಳೆಯಲ್ಲಿ ತೋರಿಸಬೇಕು. ಅಪಾಯ ಮುಂದುವರಿಯುವಂತಿದ್ದರೆ ಕ್ಯಾಂಪಸ್‌ಗೆಲ್ಲ ಸಕಾಲಿಕ ಎಚ್ಚರಿಕೆ ಕೊಡಬೇಕು. ತಪ್ಪಿದವರಿಗೆ ದಂಡ ಸಣ್ಣದಲ್ಲ: 2016ರಲ್ಲಿ ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ ಡಾಲರ್, 2019ರಲ್ಲಿ ಮಿಷಿಗನ್ ಸ್ಟೇಟ್‌ಗೆ 45 ಲಕ್ಷ, 2024ರಲ್ಲಿ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 1.4 ಕೋಟಿ.

ಬೀಗ ತಡೆಯಲಾಗದ್ದು

ಇಷ್ಟೆಲ್ಲ ಬಾಗಿಲಿನ ಮಾತಾಡಿದ ಮೇಲೆ ಇದನ್ನೂ ನೇರವಾಗಿ ಹೇಳಬೇಕು: ಕ್ಯಾಂಪಸ್‌ಗಳಲ್ಲಿ ನಡೆಯುವ ಲೈಂಗಿಕ ದೌರ್ಜನ್ಯದಲ್ಲಿ ಹೆಚ್ಚಿನದು ಅಪರಿಚಿತರಿಂದ ಆಗುವುದಲ್ಲ. ಸಹಪಾಠಿ, ಗೆಳೆಯ, ಹಿಂದಿನ ಪ್ರೇಮಿ, ಪಾರ್ಟಿಯಲ್ಲಿ ಪರಿಚಯವಾದವನು, ಹೀಗೆ ಸಂತ್ರಸ್ತೆಯೇ ಬಾಗಿಲು ತೆರೆದು ಒಳಗೆ ಕರೆದವರಿಂದ ಆಗುವುದೇ ಹೆಚ್ಚು. ಲೀಹೈ ಪ್ರಕರಣದಿಂದ ಬೀಗ, ದೀಪ, ಕ್ಯಾಮೆರಾ ಎಂಬ ಪಾಠವನ್ನಷ್ಟೇ ಕಲಿತ ಸಂಸ್ಥೆಗಳು ಈ ದೊಡ್ಡ ಭಾಗವನ್ನು ಮುಟ್ಟಲೇ ಇಲ್ಲ. ಅಮೆರಿಕದ ಶಾಸನವೇ ಇಲ್ಲಿಗೆ ಬರಲು ಸಮಯ ತೆಗೆದುಕೊಂಡಿತು. 1992ರ ತಿದ್ದುಪಡಿ ಸಂತ್ರಸ್ತರ ಕೆಲವು ಹಕ್ಕುಗಳನ್ನು ಸೇರಿಸಿತು. ಪ್ರೇಮ ಸಂಬಂಧದೊಳಗಿನ ಹಿಂಸೆ, ಕೌಟುಂಬಿಕ ಹಿಂಸೆ, ಹಿಂಬಾಲಿಸಿ ಕಾಡುವುದು ಲೆಕ್ಕಕ್ಕೆ ಬಂದದ್ದು 2013ರಲ್ಲಿ. ಹೊಸ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅರಿವು ಕಾರ್ಯಕ್ರಮ ಕಡ್ಡಾಯವಾದದ್ದೂ ಆಗಲೇ. ಸಮ್ಮತಿ ಎಂದರೇನು, ಪಕ್ಕದಲ್ಲಿರುವವರು ಹೇಗೆ ತಡೆಯಬಹುದು ಎಂಬುದು ಅದರಲ್ಲಿ ಇರಲೇಬೇಕು.

ಅರಿವು ಕಾರ್ಯಕ್ರಮ ಎಂದರೆ ಬಹಳ ಕಡೆ ಪ್ರವೇಶದ ವಾರದಲ್ಲಿ ಸಭಾಂಗಣದಲ್ಲಿ ಒಂದು ಗಂಟೆ ಭಾಷಣ, ಕೈಗೊಂದು ಕರಪತ್ರ. ಕರಪತ್ರ ಎಷ್ಟು ಮಾಡಬಲ್ಲದೆಂದು ತಿಳಿಯಲು ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಬಹುದು. ಮೊದಲ ವರ್ಷದ 893 ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಕರಪತ್ರ. ಇನ್ನೊಂದಕ್ಕೆ ಮೂರು ಗಂಟೆಯ ನಾಲ್ಕು ತರಗತಿ, ಒಟ್ಟು 12 ಗಂಟೆ: ಪರಿಚಿತನ ವರ್ತನೆಯಲ್ಲಿ ಅಪಾಯದ ಗುರುತು ಹಿಡಿಯುವುದು, ಗೆಳೆಯನೇ ಆದರೂ ದಾಕ್ಷಿಣ್ಯ ಮೀರಿ ಬೇಡವೆನ್ನುವುದು, ಮೈಯಿಂದ ಪ್ರತಿರೋಧಿಸುವ ಅಭ್ಯಾಸ, ತನ್ನ ಇಷ್ಟಾನಿಷ್ಟಗಳ ಬಗ್ಗೆ ಸ್ಪಷ್ಟತೆ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಕರಪತ್ರದ ಗುಂಪಿನಲ್ಲಿ ಶೇ 9.8, ತರಬೇತಿಯ ಗುಂಪಿನಲ್ಲಿ ಶೇ 5.2. ಹೆಣ್ಣುಮಕ್ಕಳೇ ಏಕೆ ಕಲಿಯಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಗಂಡುಮಕ್ಕಳ ಜತೆಗಿನ ಕೆಲಸವೂ ಪಕ್ಕದಲ್ಲಿರುವವರ ತರಬೇತಿಯೂ ಇದರ ಜತೆಗೇ ನಡೆಯಬೇಕು. ಆದರೆ ಪ್ರಮಾಣವನ್ನು ಸುಮಾರು ಅರ್ಧಕ್ಕಿಳಿಸಿದ 12 ಗಂಟೆಯನ್ನು ಆ ಆಕ್ಷೇಪದ ಹೆಸರಿನಲ್ಲಿ ಬಿಡುವಂತಿಲ್ಲ.

ಪಕ್ಕದಲ್ಲಿರುವವರ ತರಬೇತಿ ಸೋಲುವುದು ಸಾಮಾನ್ಯವಾಗಿ ಒಂದೇ ಕಡೆ: ಅದು ಎಲ್ಲರಿಂದ ಎದುರುಬದುರು ಧೈರ್ಯವನ್ನು ಬಯಸುತ್ತದೆ. ಸಂಕೋಚದ ಸ್ವಭಾವದವರೂ ಮಾಡಬಲ್ಲದ್ದನ್ನು ಕಲಿಸಿ. ‘ನಿನ್ನ ಫೋನ್ ಕಾಣ್ತಿಲ್ಲವಂತೆ, ಬಾ’ ಎಂದು ಕುಡಿದ ಗೆಳತಿಯನ್ನು ಅಲ್ಲಿಂದ ಕರೆತರುವುದು. ಅವನ ಗೆಳೆಯನ ಕಿವಿಯಲ್ಲಿ ಒಂದು ಮಾತು ಹಾಕುವುದು. ಹಾಸ್ಟೆಲ್ ಹಿರಿಯರಿಗೆ ಫೋನ್ ಮಾಡುವುದು. ನಡೆದುಹೋದ ಮೇಲೆ ‘ನಾನು ನೋಡಿದೆ, ನಿನ್ನ ಜತೆ ಇದ್ದೇನೆ’ ಎನ್ನುವುದು ಕೂಡ ಒಂದು ಕೆಲಸವೇ.

ಮೊದಲ ಗಂಟೆಗಳು

ದೌರ್ಜನ್ಯವಾದ ಮೇಲೆ ಏನು ಮಾಡಬೇಕೆಂಬುದನ್ನು ಕಾನೂನಿನಂತೆ ವಾರ್ಷಿಕ ಸುರಕ್ಷತಾ ವರದಿಯಲ್ಲಿ ಬರೆದಿರಬೇಕು. ಬಹಳ ವರದಿಗಳಲ್ಲಿ ಅದು ಎಲ್ಲೋ ನಡುವಿನ ಪುಟದಲ್ಲಿ ಹೂತುಹೋಗಿರುತ್ತದೆ. ಅದನ್ನು ಒಂದೇ ಹಾಳೆಗೆ ಇಳಿಸಿ ಸ್ನಾನಗೃಹದ ಬಾಗಿಲಿನ ಒಳಬದಿಗೆ ಅಂಟಿಸಬೇಕು. ಬೇರೆಯವರ ಕಣ್ಣಿಗೆ ಬೀಳದೆ ಓದಲು ಇರುವ ಜಾಗ ಅದು. ಹಾಳೆಯಲ್ಲಿ ಇರಬೇಕಾದದ್ದು ಇಷ್ಟು.

ಮೊದಲು ಸುರಕ್ಷಿತ ಜಾಗ, ನಂಬುವ ಒಬ್ಬರು. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಆಸ್ಪತ್ರೆಗೆ ಹೋಗುವುದು. ಬದಲಿಸಿದ್ದರೆ ಆ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಒಯ್ಯುವುದು. ಪ್ಲಾಸ್ಟಿಕ್ ಚೀಲ ಬೇಡ: ಒಳಗೆ ತೇವ ಕಟ್ಟಿ ಡಿಎನ್‌ಎ ಕೆಡುತ್ತದೆ. ಸ್ನಾನ ಮಾಡಿಬಿಟ್ಟಿದ್ದರೂ ಹೋಗಬೇಕು, ಸಾಕ್ಷ್ಯ ಸಿಗುವ ಸಾಧ್ಯತೆ ಇದ್ದೇ ಇರುತ್ತದೆ. ಈ ಕೊನೆಯ ಸಾಲು ಹಾಳೆಯಲ್ಲಿ ಇಲ್ಲದಿದ್ದರೆ, ಮೈ ತೊಳೆದುಕೊಂಡವರು ಎಲ್ಲ ಮುಗಿಯಿತೆಂದು ಆಸ್ಪತ್ರೆಗೇ ಹೋಗುವುದಿಲ್ಲ.

ಸಮಯದ ಲೆಕ್ಕ ಬೇರೆ ಬೇರೆ. ಸಾಕ್ಷ್ಯ ಸಂಗ್ರಹದ ಪರೀಕ್ಷೆಗೆ ಹಿಂದೆ 72 ಗಂಟೆಯ ಗಡಿ ಇತ್ತು. ಅಮೆರಿಕದ ಹಲವೆಡೆ ಈಗ 120 ಗಂಟೆ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆಯವರೆಗೆ ಅವಕಾಶವಿದೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಪಾನೀಯದಲ್ಲಿ ಏನೋ ಬೆರೆಸಿದ ಅನುಮಾನವಿದ್ದರೆ ಎಲ್ಲಕ್ಕಿಂತ ಮೊದಲು ಮೂತ್ರದ ಮಾದರಿ: ಕೆಲವು ಮತ್ತುಬರಿಸುವ ವಸ್ತುಗಳು ಸುಮಾರು 12 ಗಂಟೆಯಲ್ಲೇ ಗುರುತು ಉಳಿಸದೆ ಹೋಗುತ್ತವೆ. ಆಸ್ಪತ್ರೆ ತಲುಪುವವರೆಗೆ ತಡೆಯಲಾಗದಿದ್ದರೆ ಶುಚಿಯಾದ ಡಬ್ಬಿಯಲ್ಲಿ ಹಿಡಿದಿಟ್ಟುಕೊಂಡು ಹೋಗಬಹುದು.

ಪರೀಕ್ಷೆ ಮಾಡಿಸಿಕೊಂಡರೆ ಪೊಲೀಸ್ ದೂರು ಕೊಡಲೇಬೇಕು ಎಂಬ ಭಯ ಬಹಳ ಜನರನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಅಮೆರಿಕದಲ್ಲಿ ಪೊಲೀಸರಿಗೆ ದೂರು ಕೊಡದೆಯೂ ವಯಸ್ಕರು ಉಚಿತವಾಗಿ ಈ ಪರೀಕ್ಷೆ ಮಾಡಿಸಿಕೊಳ್ಳಬಹುದು. ದೂರು ಕೊಡಲಿ ಬಿಡಲಿ, ಕೇಳಿದರೆ ಕೋಣೆ, ತರಗತಿ, ಓಡಾಟ, ಕೆಲಸದ ವ್ಯವಸ್ಥೆ ಬದಲಿಸಿಕೊಡುವ ಹೊಣೆ ವಿಶ್ವವಿದ್ಯಾಲಯದ್ದು. ಆ ಹಕ್ಕುಗಳನ್ನು ಬರಹದಲ್ಲಿ ಕೈಗೆ ಕೊಡಬೇಕು, ಏಕೆಂದರೆ ಆಘಾತದ ಹೊತ್ತಿನಲ್ಲಿ ಬಾಯಲ್ಲಿ ಹೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಜೀನ್‌ಳ ಹೆಸರಿನ ಕಾನೂನು ಹೇಳದ ಒಂದು ನಿಯಮವನ್ನು ಸಂಸ್ಥೆಗಳೇ ಮಾಡಿಕೊಳ್ಳಬೇಕು: ದೌರ್ಜನ್ಯದ ದೂರು ತಂದವರ ಮೇಲೆ, ಅವರ ಜತೆ ಬಂದವರ ಮೇಲೆ, ಆ ರಾತ್ರಿ ಕುಡಿದದ್ದಕ್ಕೆ ಶಿಸ್ತು ಕ್ರಮವಿಲ್ಲ. ಇದಿಲ್ಲದ ಕಡೆ ಹದಿನೆಂಟರ ಹುಡುಗಿ ಬಾಯಿ ಬಿಡುವುದಿಲ್ಲ.

ಎಚ್ಚರಿಕೆಯೂ ಮೌನವೂ

ಆಡಳಿತ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತದೆಂಬುದಕ್ಕೆ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ 2006ರ ಡಿಸೆಂಬರ್ ನಿದರ್ಶನ. ಹಾಸ್ಟೆಲ್ ಕೋಣೆಯಲ್ಲಿ ವಿದ್ಯಾರ್ಥಿನಿಯ ಶವ ಸಿಕ್ಕಾಗ, ಅನುಮಾನ ಪಡಲು ಕಾರಣವಿಲ್ಲ ಎಂದು ಆಡಳಿತ ಹೇಳಿತು. ಸುಮಾರು ಹತ್ತು ವಾರಗಳ ನಂತರ ಇನ್ನೊಬ್ಬ ವಿದ್ಯಾರ್ಥಿಯ ಬಂಧನವಾದಾಗಲೇ ಅದು ಕೊಲೆಯೆಂದು ಹೆತ್ತವರಿಗೂ ಸಹಪಾಠಿಗಳಿಗೂ ತಿಳಿದದ್ದು. ಅಷ್ಟೂ ವಾರ ಉಳಿದ ವಿದ್ಯಾರ್ಥಿನಿಯರು ಅದೇ ಕ್ಯಾಂಪಸ್‌ನಲ್ಲಿ ಎಂದಿನಂತೆ ಮಲಗುತ್ತಿದ್ದರು. ವಿಶ್ವವಿದ್ಯಾಲಯದ ಅಧ್ಯಕ್ಷರು ಹುದ್ದೆ ಕಳೆದುಕೊಂಡರು, ದಂಡ 3.5 ಲಕ್ಷ ಡಾಲರ್.

ಎಚ್ಚರಿಕೆ ತಡವಾಗುವುದು ಹೆಚ್ಚಾಗಿ ‘ಖಚಿತವಾಗಲಿ’ ಎಂಬ ಕಾಯುವಿಕೆಯಿಂದ. ಗೊತ್ತಿರುವಷ್ಟನ್ನು ಈಗ ಹೇಳಿ, ಉಳಿದದ್ದನ್ನು ತಿಳಿದಂತೆ ಸೇರಿಸಬಹುದು. ಎಚ್ಚರಿಕೆಯಲ್ಲಿ ಸಂತ್ರಸ್ತೆಯ ಹೆಸರಂತೂ ಇರಬಾರದು. ಕೋಣೆ ಸಂಖ್ಯೆ, ಮಹಡಿ, ವಿಭಾಗವೂ ಬೇಡ, ಹಾಸ್ಟೆಲ್‌ನಲ್ಲಿ ಅಷ್ಟು ಸಾಕು ಯಾರೆಂದು ತಿಳಿಯಲು. ‘ಇಪ್ಪತ್ತರ ಆಸುಪಾಸಿನ, ಕಪ್ಪು ಅಂಗಿಯ ಯುವಕ’ ಎಂಬಂಥ ವರ್ಣನೆ ಯಾರನ್ನೂ ಗುರುತಿಸುವುದಿಲ್ಲ, ಎಷ್ಟೋ ನಿರಪರಾಧಿಗಳನ್ನು ಅನುಮಾನಕ್ಕೆ ತಳ್ಳುತ್ತದೆ. ‘ಹುಡುಗಿಯರು ರಾತ್ರಿ ಒಬ್ಬರೇ ಓಡಾಡಬಾರದು’ ಎಂಬ ಸಾಲನ್ನು ಹೊಡೆದುಹಾಕಿ, ಜತೆಗೆ ಬರುವ ಗಾರ್ಡ್‌ನ ಫೋನ್ ಸಂಖ್ಯೆ ಬರೆಯಿರಿ.

ಸೊನ್ನೆಯನ್ನು ಓದುವುದು

2014ರಲ್ಲಿ ಅಮೆರಿಕದ ಶೇ 91ರಷ್ಟು ಕಾಲೇಜು ಕ್ಯಾಂಪಸ್‌ಗಳು ತಮ್ಮಲ್ಲಿ ವರದಿಯಾದ ಅತ್ಯಾಚಾರ ಸೊನ್ನೆ ಎಂದು ತೋರಿಸಿದ್ದವು. 2019ರಲ್ಲಿ 33 ವಿಶ್ವವಿದ್ಯಾಲಯಗಳ ಸಮೀಕ್ಷೆಯಲ್ಲಿ ಪದವಿ ವಿದ್ಯಾರ್ಥಿನಿಯರಲ್ಲಿ ಶೇ 25.9ರಷ್ಟು ಮಂದಿ, ಕಾಲೇಜು ಸೇರಿದ ಮೇಲೆ ಬಲವಂತದಿಂದಲೋ ಸಮ್ಮತಿಸಲಾಗದ ಸ್ಥಿತಿಯಲ್ಲೋ ಲೈಂಗಿಕ ಸ್ಪರ್ಶಕ್ಕೆ ಅಥವಾ ಅತ್ಯಾಚಾರಕ್ಕೆ ಗುರಿಯಾದುದಾಗಿ ಹೇಳಿದರು. ಇವೆರಡೂ ಒಂದೇ ಅಳತೆಯಲ್ಲ; ಸಮೀಕ್ಷೆಯ ವ್ಯಾಖ್ಯೆ ಅಗಲವಾದದ್ದು. ಆದರೂ ಸೊನ್ನೆ ಎಂಬುದಕ್ಕೆ ಸಾಮಾನ್ಯವಾಗಿ ‘ನಮಗೆ ಯಾರೂ ಹೇಳಲಿಲ್ಲ’ ಎಂದಷ್ಟೇ ಅರ್ಥ. ದೂರಿನ ದಾರಿ ಸುಧಾರಿಸಿದ ಮೊದಲ ಎರಡು ವರ್ಷ ಅಂಕಿ ಏರುವುದು ಸಹಜ, ಆ ಏರಿಕೆಗೆ ಆಡಳಿತವನ್ನು ಹಳಿಯುವ ಪತ್ರಿಕೆಗಳು ಮತ್ತೆ ಸೊನ್ನೆಯನ್ನೇ ಬೇಡಿದಂತಾಗುತ್ತದೆ.

ಲೆಕ್ಕದ ನಿಯಮಗಳನ್ನೂ ತಿಳಿದು ಓದಬೇಕು. ಎಣಿಸುವುದು ವರದಿಯನ್ನು, ನ್ಯಾಯಾಲಯದ ತೀರ್ಪನ್ನಲ್ಲ. ಹಾಸ್ಟೆಲ್ ಹಿರಿಯರು, ಕ್ರೀಡಾ ತರಬೇತುದಾರರು, ಡೀನ್‌ಗಳ ಕಿವಿಗೆ ಬಿದ್ದದ್ದೂ ಲೆಕ್ಕಕ್ಕೆ ಸೇರಬೇಕು. ವೃತ್ತಿಪರ ಆಪ್ತಸಮಾಲೋಚಕರಿಗೂ ಧಾರ್ಮಿಕ ಸಲಹೆಗಾರರಿಗೂ ಮಾತ್ರ ವಿನಾಯಿತಿ. ಒಬ್ಬಳ ಮೇಲೆ ಮೂವರು ಎರಗಿದರೂ ಅಂಕಿ ಒಂದೇ. ಕ್ಯಾಂಪಸ್, ಸಂಸ್ಥೆ ಬಳಸುವ ಹೊರಗಿನ ಕಟ್ಟಡ, ಅಂಟಿಕೊಂಡ ಸಾರ್ವಜನಿಕ ರಸ್ತೆ ಲೆಕ್ಕದೊಳಗೆ. ಎರಡು ಬೀದಿ ಆಚೆ ವಿದ್ಯಾರ್ಥಿಗಳೇ ಬಾಡಿಗೆಗೆ ಹಿಡಿದ ಮನೆ ಹೊರಗೆ. ಹೆಚ್ಚು ವಿದ್ಯಾರ್ಥಿಗಳು ಹೊರಗೆ ವಾಸಿಸುವ ವಿಶ್ವವಿದ್ಯಾಲಯದ ಅಂಕಿ ಇದರಿಂದಲೇ ಚಿಕ್ಕದಾಗಿ ಕಾಣುತ್ತದೆ.

ಇನ್ನೊಂದು ನಿಯಮವಿತ್ತು. ಒಂದೇ ಘಟನೆಯಲ್ಲಿ ಹಲವು ಅಪರಾಧ ನಡೆದಿದ್ದರೆ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸಬೇಕೆಂಬುದು ಪೊಲೀಸ್ ಅಂಕಿಅಂಶದ ಹಳೆಯ ಪದ್ಧತಿ. ಕೊಲೆ ಎಲ್ಲಕ್ಕಿಂತ ಮೇಲೆ. ಅದರಂತೆ 1986ರ ಏಪ್ರಿಲ್ 5ರಂಥ ಘಟನೆ ವರದಿಯಲ್ಲಿ ‘ಕೊಲೆ: 1’ ಎಂದಷ್ಟೇ ಬರುತ್ತಿತ್ತು, ಅತ್ಯಾಚಾರದ ಕಾಲಂನಲ್ಲಿ ಸೊನ್ನೆ ಉಳಿಯುತ್ತಿತ್ತು. ಜೀನ್ ಕ್ಲೆರಿಯ ಹೆಸರಿನ ಕಾನೂನಿನಡಿ ಎರಡನ್ನೂ ಬರೆಯಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2015ರ ಜುಲೈ 1ರಂದು.